ಎದುರುಮನೆಯ ತನಕ ದ್ವೀಪಯಾತ್ರೆ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಬೆಟಗೇರಿಯ ನಮ್ಮ ಮನೆಗೆ ಬಂದವನಲ್ಲ. ಬಂದಿದ್ದರೆ, ಜಗಳವಾಡಲಿಕ್ಕೂ ಗಂಡ ಹೆಂಡಿರಿಗೆ ಒಂದಿಷ್ಟು ಜಾಗ ಬೇಕಾಗುತ್ತದೆ ಎಂಬುದು ಅವನಿಗೆ ತಿಳಿಯುತ್ತಿತ್ತು. ನನ್ನ ಮದುವೆಯಾಗಿ ಒಂಬತ್ತು ವರ್ಷವಾಯಿತು. ಈ ಒಂಬತ್ತು ವರ್ಷದಲ್ಲಿ ನಾನು ನನ್ನ ಹೆಂಡತಿ ಸಾವಕ್ಕನ ಜೊತೆ, ಮೂರನೆಯವರ ಕಿವಿಗೆ ಬೀಳದ ಹಾಗೆ, ಒಂದೇ ಒಂದು ಪೂರ್ತಿ ಮಾತು ಆಡಿಲ್ಲ.

ನೀವು ನಂಬುವುದಿಲ್ಲ, ಗೊತ್ತು. ನಮ್ಮ ಮನೆಯ ಸ್ಥಿತಿ ಕೇಳಿ. ಪಡಸಾಲೆಯಲ್ಲಿ ನನ್ನ ಇಬ್ಬರು ತಮ್ಮಂದಿರ ಎರಡು ಮಗ್ಗ. ಕೋಳಿ ಕೂಗಿದಾಗ ಶುರುವಾದರೆ ದೀಪ ಹಚ್ಚುವ ತನಕ ಲಟಕ್ ಪಟಕ್, ಲಟಕ್ ಪಟಕ್. ಒಳಗೆ ತಮ್ಮಂದಿರ ಹೆಂಡಂದಿರು, ಮಕ್ಕಳು (ಎಷ್ಟು ಮಕ್ಕಳು ಎಂದು ಕೇಳಬೇಡಿ, ಎಣಿಸುವಷ್ಟರಲ್ಲಿ ಒಂದೆರಡು ಓಣಿಗೆ ಓಡಿರುತ್ತವೆ), ಒಂದು ಎಮ್ಮೆ, ಮತ್ತು ಇವರೆಲ್ಲರ ಮೇಲೆ ಚಕ್ರಾಧಿಪತ್ಯ ನಡೆಸುವ ನಮ್ಮವ್ವ ಉಡಚವ್ವ. ನಾನು ಹಿರಿಯ ಮಗ. ಮಗ್ಗ ಬಿಟ್ಟು ಗದಗಿನ ಒಂದು ಹತ್ತಿ ಗಿರಣಿಯಲ್ಲಿ ಕಾರಕೂನನಾದವನು. ಹೆಸರು ಹುಚ್ಚಪ್ಪ. (ದೇವರ ಹೆಸರು, ನಗಬಾರದು. ಕಥೆ ಮುಗಿದ ಮೇಲೆ ಬೇಕಾದರೆ ನಗಿ, ನಾನು ಬೇಡ ಎನ್ನುವುದಿಲ್ಲ.)

ಸಾವಕ್ಕ "ರೀ, ಒಂದು ಮಾತು" ಅಂದಳೆಂದರೆ ಮಗ್ಗ ಲಟಕ್ ಅನ್ನುತ್ತದೆ. ನಾನು "ಏನ?" ಅಂದರೆ ಪಟಕ್. ಮಗ್ಗ ನಿಂತ ಮೇಲೆ ಮಾತಾಡೋಣವೆಂದರೆ ಆಗ ಮನೆಮಂದಿಯ ಕಿವಿಗಳೆಲ್ಲ ಬಿಡುವಾಗಿರುತ್ತವೆ. ನಾವಿಬ್ಬರು ಮಲಗುವ ಕೋಲಿಗೂ ಅವ್ವ ಮಲಗುವ ಜಾಗಕ್ಕೂ ನಡುವೆ ಇರುವುದು ಒಂದು ಬರಿಯ ಮಣ್ಣಿನ ಗೋಡೆ. ಒಮ್ಮೆ ಧೈರ್ಯ ಮಾಡಿ ಸಾವಕ್ಕನ ಕಿವಿಯಲ್ಲಿ, "ನೀ ಇವತ್ತ ಭಾಳ ಚೆಂದ ಕಾಣಾಕತ್ತಿ" ಎಂದು ಪಿಸುಗುಟ್ಟಿದೆ. ಗೋಡೆಯ ಆಚೆಯಿಂದ ಅವ್ವನ ದನಿ ಬಂತು:

"ಅಕಿ ಉಟ್ಟದ್ದು ನನ್ನ ಸೀರಿ. ಚೆಂದ ಕಾಣದ ಏನ್ ಮಾಡತೈತಿ?"

ಅಂದಿನಿಂದ ನಾನು ಹೆಂಡತಿಯನ್ನು ಹೊಗಳುವುದನ್ನೇ ಬಿಟ್ಟೆ.

ಇಂಥ ಹೊತ್ತಿನಲ್ಲಿ ನನಗೆ ಸಿಕ್ಕವನು ಖಾಸಿಂಸಾಬ. ನಮ್ಮ ಕಡೆಯ ಮೆಣಸಿನಕಾಯಿ ಚೀಲ ಹೇರಿಕೊಂಡು ಕಾರವಾರಕ್ಕೆ ಹೋಗಿ, ಅಲ್ಲಿಂದ ತೆಂಗಿನಕಾಯಿ ತುಂಬಿಕೊಂಡು ಬರುವ ಲಾರಿ ಡ್ರೈವರ್. ಗಿರಣಿಯ ಬಾಗಿಲಲ್ಲಿ ಚಹಾ ಕುಡಿಯುತ್ತ ಒಂದು ದಿನ ಕಾರವಾರದ ಎದುರಿಗಿರುವ ಒಂದು ನಡುಗಡ್ಡೆಯ ವರ್ಣನೆ ಶುರುಮಾಡಿದ.

"ನಾಕೂ ಕಡೆ ನೀರು ಅಣ್ಣಾರ. ನಡುವ ತೆಂಗಿನ ಗಿಡ, ಕಾಯಿ ಕಾಯಾವಂದು ಒಂದು ಗುಡಸಲಾ. ಅಂವಾ ಈಗ ಊರಿಗೆ ಹೋಗ್ಯಾನ, ಗುಡಸಲಾ ಖಾಲಿ ಬಿದ್ದೈತಿ. ಸುತ್ತ ಯಾರೂ ಇಲ್ಲ, ಒಂದು ನರಪಿಳ್ಳಿ ಇಲ್ಲ."

"ಬೀಗರು ನೆಂಟರು?"

"ದೋಣಿ ಇಲ್ಲದ ಬೀಗರು ಹೆಂಗ ಬರತಾರ್ರೀ?"

ನನ್ನ ಮೈ ಜುಮ್ಮೆಂದಿತು. ಭೂಮಿಯ ಮೇಲೆ ಅಂಥದೊಂದು ಜಾಗ ಇದೆ ಎಂದು ಮೂವತ್ತು ದಾಟಿದ ಮೇಲೆ ನನಗೆ ತಿಳಿಯಬೇಕೆ! ಖಾಸಿಂಸಾಬನೇ ಮುಂದುವರಿದು, ಚೀಲದ ಮೇಲೆ ಕೂತು ಬರುವುದಾದರೆ ಹೋಗಿಬರುವುದು ಪುಕ್ಕಟೆ, ದೋಣಿಯವನಿಗೆ ಮಾತ್ರ ಕೊಡಬೇಕು, ಬುತ್ತಿ ಮನೆಯದು ಎಂದ. ನನ್ನಂಥ ಕಾರಕೂನನಿಗೆ ಇದಕ್ಕಿಂತ ಅಗ್ಗದ ವಿಹಾರ ಮೂರು ಲೋಕದಲ್ಲೂ ಸಿಗಲಾರದು. ಅಂದಿನಿಂದ ನಾನು ಗಿರಣಿಯ ಚಹಾ ಬಿಟ್ಟು ದೋಣಿಯ ದುಡ್ಡು ಕೂಡಿಸತೊಡಗಿದೆ.

ಸಾವಕ್ಕನಿಗೆ ಹೇಳಿದ್ದು ನೀರಿನ ಕೊಡ ಇಳಿಸುವ ನೆವದಲ್ಲಿ. ಅವಳ ಕಣ್ಣು ಅರಳಿದವು.

"ಸಮುದ್ರ ನಾ ನೋಡೇ ಇಲ್ರಿ. ನಮ್ಮ ಭೀಷ್ಮನ ಕೆರಿಗಿಂತ ದೊಡ್ಡದೇನ್ರಿ?"

"ಸ್ವಲ್ಪ ದೊಡ್ಡದು."

ಅವಳು ಆಚೆ ಈಚೆ ನೋಡಿ ದನಿ ತಗ್ಗಿಸಿದಳು. "ಹೋಗೂಣ್ರಿ. ನಿಮಗೊಂದು ಮಾತು ಹೇಳೋದೈತಿ. ಭಾಳ ವರ್ಷದಿಂದ ಹೇಳಬೇಕಂತ ಮನಸಿನ್ಯಾಗ ಇಟಗೊಂಡೀನಿ."

"ಇಲ್ಲೇ ಹೇಳ."

"ಇಲ್ಲೆ ಹ್ಯಾಂಗ ಆಗತೈತ್ರಿ? ಅಲ್ಲೆ ಹೇಳ್ತೀನಿ, ನಾವಿಬ್ಬರ ಇದ್ದಾಗ" ಎಂದು ನಾಚಿ, ಕೊಡ ಎತ್ತಿಕೊಂಡು ಒಳಗೆ ಹೋದಳು.

ಆ ನಾಚಿಕೆ ನೋಡಿ ನನ್ನ ಎದೆ ಮಗ್ಗಕ್ಕಿಂತ ಜೋರಾಗಿ ಬಡಿದುಕೊಂಡಿತು. ಒಂಬತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡ ಮಾತು! ಏನಿರಬಹುದು? ಹೆಂಡತಿಯೊಬ್ಬಳು ಗಂಡನಿಗೆ ಏಕಾಂತದಲ್ಲೇ ಹೇಳಬೇಕಾದ ಮಾತು ಎಂಥದಿದ್ದೀತು ಎಂದು ನೀವೂ ಊಹಿಸಬಲ್ಲಿರಿ. ಅದನ್ನು ಕೇಳದೆ ಸತ್ತರೆ ನನ್ನ ಜನ್ಮ ವ್ಯರ್ಥ ಎಂದುಕೊಂಡೆ. ದ್ವೀಪ ಬೇಕೇ ಬೇಕು ಎಂದು ನಿಶ್ಚಯ ಮಾಡಿದೆ.

ಅವ್ವನನ್ನು ಒಪ್ಪಿಸುವುದು ಉಳಿಯಿತು. ನಾಡು ಒಂದಾಗಿ ಎರಡು ಮೂರು ತಿಂಗಳಾಗಿತ್ತು, ಊರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನಾನೂ ಆ ಹುರುಪಿನಲ್ಲೇ ಶುರುಮಾಡಿದೆ.

"ಯವ್ವಾ, ಕರ್ನಾಟಕ ಒಂದಾತು. ಈಗ ಕಡಲೂ ನಮ್ಮದ ಆತು. ನಮ್ಮ ಕಡಲ ನಾವ ನೋಡಲಿಲ್ಲಂದ್ರ ಹೆಂಗ?"

"ಕಾರವಾರ ಮದಲೂ ನಮ್ಮ ಕೂಡ ಮುಂಬೈದಾಗ ಇತ್ತಲ್ಲೋ ಹುಚ್ಯಾ. ಅವಾಗ ಯಾಕ ನೋಡಾಕ ಹೋಗಲಿಲ್ಲ?"

(ಶಾಲೆಯ ಮೆಟ್ಟಿಲು ಹತ್ತದವಳಿಗೆ ಇದೆಲ್ಲ ಹೇಗೆ ಗೊತ್ತಿರುತ್ತದೆಯೋ.) ಕೊನೆಗೆ ಮೊಣಕಾಲು ನೋವಿಗೆ ಸಮುದ್ರಸ್ನಾನ ಒಳ್ಳೆಯದು ಎಂದು ಕುಂಟಿ ತೋರಿಸಿದೆ. ಅವ್ವ ಒಪ್ಪಿದಳು. ಜನವರಿ ಇಪ್ಪತ್ತಾರು ಶನಿವಾರ, ಮರುದಿನ ರವಿವಾರ, ಎರಡೂ ಸೂಟಿ. ಹಿಂದೊಂದು ಮುಂದೊಂದು ದಿನ ರಜೆ ಬೇಡಿ ಪಡೆದೆ. ಮ್ಯಾನೇಜರರು ಕೊಡುವಾಗಲೇ ಹೇಳಿದರು, ಮಂಗಳವಾರ ಮುಂಜಾನೆ ಗಿರಣಿಯ ಸಿಳ್ಳು ಕೂಗಿದಾಗ ನೀವು ಒಳಗಿರಬೇಕು, ಇಲ್ಲದಿದ್ದರೆ ಸಮುದ್ರದಲ್ಲೇ ಇದ್ದುಬಿಡಿ ಎಂದು. ಖಾಸಿಂಸಾಬನ ಲಾರಿ ಶುಕ್ರವಾರ ನಸುಕಿನಲ್ಲಿ ಹೊರಡುವುದು. ಎಲ್ಲ ಕೂಡಿಬಂತು ಎಂದು ಹಿಗ್ಗಿದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಹಾಗೆ, ಗುರುವಾರ ಮುಂಜಾನೆ ಅವ್ವ ಬೆರಳು ಮಡಚಿ ಎಣಿಸಿದಳು.

"ಶುಕ್ರವಾರ ಪಡುವಲಕ್ಕ ಶೂಲಿ. ಕಾರವಾರ ಪಡುವಲಕ್ಕ ಐತಿ. ನಾಳೆ ಹೊಂಡಾಕ ಬರಂಗಿಲ್ಲ."

"ಯವ್ವಾ, ಲಾರಿ ನಾಳೆ ಹೊಂಟೈತಿ!"

"ಅದಕ್ಯಾಕ ಬಾಯಿ ಮಾಡತಿ? ಇವತ್ತ ಸಂಜೀಕ ಪರಸ್ಥಾನ ಇಡು."

ಪ್ರಸ್ಥಾನ ಇಡುವುದೆಂದರೆ ನಿಮಗೆ ಗೊತ್ತಿರಬಹುದು. ಹೊರಡುವ ದಿನ ಸರಿಯಿಲ್ಲದಿದ್ದರೆ, ಸರಿಯಿರುವ ದಿನವೇ ಪ್ರಯಾಣದ ಗಂಟನ್ನು ಅದೇ ದಿಕ್ಕಿನ ಬೇರೊಂದು ಮನೆಯಲ್ಲಿ ಇಟ್ಟುಬಿಡುವುದು. ಆಗ ಹೊರಟಂತೆಯೇ ಲೆಕ್ಕ. ಉಳಿದ ಮನೆತನಗಳಲ್ಲಿ ಗಂಟು ಹೋದರೆ ಸಾಕು. ನಮ್ಮವ್ವನ ಶಾಸ್ತ್ರದಲ್ಲಿ ಗಂಟಿನ ಜೊತೆ ಗಂಟಿನ ಒಡೆಯರೂ ಹೋಗಬೇಕು. ಹೋದ ಮೇಲೆ ಊರು ಕಂಡು ಬರುವ ತನಕ ತಿರುಗಿ ಹೊಸ್ತಿಲು ತುಳಿಯಬಾರದು.

"ತುಳದರ ಏನಾಗತೈತಿ?" ಎಂದೆ.

"ನಿಮ್ಮಪ್ಪ ಒಮ್ಮೆ ಪರಸ್ಥಾನ ಇಟ್ಟು, ತಂಬಾಕದ ಚೀಲ ಮರತೆ ಅಂತ ತಿರುಗಿ ಮನಿಗೆ ಬಂದ. ಆ ವರ್ಷ ಏನಾತು ಗೊತ್ತೈತೇನ?"

"ಏನಾತು?"

"ನೀ ಹುಟ್ಟಿದಿ."

ಗುರುವಾರ ಸಂಜೆ ನಾನು ಹಾಸಿಗೆಯ ಸುರುಳಿ ಹೊತ್ತು, ಸಾವಕ್ಕ ಕಟಕರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಗಂಟು ಹೊತ್ತು, ಅವ್ವನ ಕಾಲಿಗೆ ನಮಸ್ಕಾರ ಮಾಡಿ, ಪಶ್ಚಿಮ ದಿಕ್ಕಿಗೆ ಮಹಾಪ್ರಯಾಣ ಬೆಳೆಸಿ, ಓಣಿ ದಾಟಿ, ಎದುರುಮನೆ ಮರಿಯವ್ವನ ಪಡಸಾಲೆ ತಲುಪಿದೆವು. ಮರಿಯವ್ವ ಒಂಟಿ ಹೆಂಗಸು, ವಯಸ್ಸಾದವಳು, ಮಾತಿಗೆ ಹಸಿದವಳು. ನಮ್ಮನ್ನು ನೋಡಿ ಅವಳಿಗೆ ಹಬ್ಬವಾಯಿತು.

"ಸಾವಕ್ಕ ಒಳಗ ನನ್ನ ಹಂತ್ಯಾಕ ಮಕ್ಕೊಳ್ಳಿ. ನೀ ಹೊರಗ ಕಟ್ಟಿಮ್ಯಾಲ ಮಕ್ಕೊ ತಮ್ಮಾ. ಒಂದ ರಾತ್ರಿ ಅಲ್ಲೇನ."

ಒಂದೇ ರಾತ್ರಿ ಎಂದುಕೊಂಡು ಮಲಗಿದೆ. ಬೆಳಗಾಯಿತು. ಲಾರಿ ಇಲ್ಲ. ಮರಿಯವ್ವ ಕಣ್ಣುಜ್ಜುತ್ತ ಹೊರಗೆ ಬಂದಳು.

"ರಾತ್ರೆಲ್ಲಾ ಲಾರಿ ಬಂದು ಗುರುಗುಟ್ಟಿಕೋಂತ ನಿಂತಂಗಾಗಿತ್ತಲ್ಲೋ ತಮ್ಮಾ. ನೀ ಹತ್ತಲಿಲ್ಲೇನ?"

ನನ್ನ ಜೀವ ಹಾರಿಹೋಯಿತು. ಲಾರಿ ಬಂದು, ನಾನು ಮಲಗಿದ್ದು ನೋಡಿ ಬಿಟ್ಟು ಹೋದನೆ ಖಾಸಿಂಸಾಬ? ಬರಿಗಾಲಲ್ಲಿ ಲಾರಿ ನಿಲ್ಲುವಲ್ಲಿಗೆ ಓಡಿದೆ. ಲಾರಿ ಅಲ್ಲೇ ಇತ್ತು. ಅದರ ಹೊಟ್ಟೆಯ ಕೆಳಗಿಂದ ಖಾಸಿಂಸಾಬನ ಎರಡು ಕಾಲು ಕಾಣುತ್ತಿದ್ದವು.

"ಎಕ್ಸೆಲ್ ಮುರದೈತ್ರೀ ಅಣ್ಣಾರ. ಹುಬ್ಬಳ್ಳಿಯಿಂದ ಸಾಮಾನ ಬರಬೇಕು. ಇವತ್ತ ಇಲ್ಲ ನಾಳೆ."

ತಿರುಗಿ ಬಂದು ಸಾವಕ್ಕನಿಗೆ ಹೇಳಿದೆ. ಅವಳು ಬಸ್ಸಿಗೆ ಹೋಗೋಣ ಎಂದಳು. ನನ್ನ ಕೈಲಿದ್ದ ದುಡ್ಡು ಬಸ್ಸಿಗೆ ಕೊಟ್ಟರೆ ದೋಣಿಗಿಲ್ಲ, ದೋಣಿಗಿಟ್ಟರೆ ಬಸ್ಸಿಗಿಲ್ಲ. ದಂಡೆಯ ಮೇಲೆ ನಿಂತು ದ್ವೀಪಕ್ಕೆ ಕೈಮುಗಿದು ಬರಬೇಕಾಗುತ್ತಿತ್ತು. ಹಾಗಾದರೆ ಕಾಯೋಣ ಎಂದು ಅವಳು ಮರಿಯವ್ವನ ಜೋಳ ಹಸನು ಮಾಡಲು ಕೂತಳು.

ಮನೆಗೆ ಹೋಗಿ ಮುಖವಾದರೂ ತೊಳೆಯೋಣವೆಂದು ಓಣಿಯ ನಡುವಿಗೆ ಬಂದೆ. ಅವ್ವ ಹೊಸ್ತಿಲ ಮೇಲೆ ಕುಳಿತಿದ್ದಳು. ನನ್ನನ್ನು ನೋಡಿದಳು, ನೋಡದ ಹಾಗೆ ಮುಖ ತಿರುಗಿಸಿದಳು.

"ಯವ್ವಾ, ಲಾರಿ ಕೆಟ್ಟೈತಿ."

ಅವ್ವ ಎಮ್ಮೆಗೆ ಹೇಳಿದಳು: "ಊರಿಗೆ ಹೋದವರ ಕೂಡ ನಾ ಮಾತಾಡಂಗಿಲ್ಲ. ಹುಚ್ಯಾ ಕಾರವಾರದಾಗ ಅದಾನ."

ಎಮ್ಮೆ ನನ್ನನ್ನೇ ನೋಡಿತು. ಆ ಓಣಿಯಲ್ಲಿ ನಾನು ಇದ್ದೇನೆ ಎಂದು ಒಪ್ಪಿಕೊಂಡದ್ದು ಅದೊಂದೇ.

ಮಧ್ಯಾಹ್ನಕ್ಕೆ ಬೆಳ್ಳಟ್ಟಿಯಿಂದ ಚಕ್ಕಡಿ ಬಂತು. ಇಳಿದವರು ನನ್ನ ತಂಗಿ ಮಂಜವ್ವ, ಅವಳ ಗಂಡ ಪುಂಡಲೀಕಪ್ಪ, ಮಕ್ಕಳು. ನಮ್ಮ ಕೋಲಿ ಹೇಗೂ ಖಾಲಿ ಎಂದು ಅವ್ವನೇ ಹೇಳಿಕಳುಹಿಸಿದ್ದಳಂತೆ. ಸ್ವಲ್ಪ ಹೊತ್ತಿನಲ್ಲಿ ನನ್ನ ಹೊರಸು ಅಂಗಳಕ್ಕೆ ಬಂತು. ನನ್ನ ಹೊರಸಿನ ಮೇಲೆ, ನನ್ನ ತಲೆದಿಂಬಿಗೆ ಒರಗಿ, ನನಗೆಂದು ತೆಗೆದಿಟ್ಟ ಕೆನೆಮೊಸರು ಕುಡಿದು ಮೀಸೆ ಒರೆಸಿಕೊಂಡ ಪುಂಡಲೀಕಪ್ಪ, ಎದುರು ಕಟ್ಟೆಯ ಮೇಲಿದ್ದ ನನಗೆ ಕೈಯೆತ್ತಿ ನಮಸ್ಕಾರ ಮಾಡಿದ. ನಾನೂ ಮಾಡಿದೆ. ಮತ್ತೇನು ಮಾಡಲಿ ಹೇಳಿ?

ಇರಲಿ, ಕೋಲಿ ಹೋದರೆ ಹೋಗಲಿ, ಇಲ್ಲಿ ಮಗ್ಗವಿಲ್ಲ, ಅವ್ವನಿಲ್ಲ, ಸಾವಕ್ಕನ ಆ ಮಾತನ್ನು ಇಲ್ಲೇ ಕೇಳೋಣ ಎಂದು ಪಡಸಾಲೆಗೆ ಹೋಗಿ ಕೂತೆ. ಮರಿಯವ್ವ ನಮ್ಮಿಬ್ಬರ ನಡುವೆ ಬಂದು ಕೂತಳು.

"ಸಾವಕ್ಕಾ, ಆ ಮಾತು..."

"ಯಾವ ಮಾತು?" ಎಂದಳು ಮರಿಯವ್ವ.

"ಏನಿಲ್ಲ ದೊಡವ್ವಾ."

"ಏನಿಲ್ಲಂದ್ರ ಯಾಕ ಕೇಳತಿ? ಹೇಳವಾ ಸಾವಕ್ಕ, ನಾ ಯಾರ ಮುಂದೂ ಹೇಳಂಗಿಲ್ಲ." (ಬೆಟಗೇರಿಯ ಸುದ್ದಿ ಮುಂಡರಗಿ ಸಂತೆ ಮುಟ್ಟುವುದು ಮರಿಯವ್ವನಿಂದಲೇ ಎಂದು ಪ್ರತೀತಿ.) ಸಾವಕ್ಕ ಮುಖ ಕೆಂಪು ಮಾಡಿಕೊಂಡು ಜೋಳಕ್ಕೆ ಬಗ್ಗಿದಳು. ಮರಿಯವ್ವ ತನ್ನ ಸೊಂಟನೋವಿನ ಪುರಾಣ ಎತ್ತಿಕೊಂಡಳು. ಅದು ಸಂಜೆಯಾದರೂ ಸೊಂಟ ಬಿಟ್ಟು ಮೇಲೇರಲಿಲ್ಲ.

ಶನಿವಾರ ಇನ್ನೂ ಕೆಟ್ಟದು. ಗಣರಾಜ್ಯ ದಿನದ ಪ್ರಭಾತಫೇರಿ ಬಾವುಟ ಹಿಡಿದು ನಮ್ಮ ಓಣಿಗೇ ಬಂತು, ಅದರಲ್ಲಿ ನಮ್ಮ ಮ್ಯಾನೇಜರರು! ನಾನು ಜೋಳದ ಚೀಲಗಳ ಹಿಂದೆ ಅಡಗಿದೆ.

"ಹುಚ್ಚಪ್ಪನ ಮನಿ ಇದ ಅಲ್ಲೇನ್ರೀ?" ಎಂದು ಅವರು ಅವ್ವನನ್ನು ಕೇಳಿದ್ದು ಕೇಳಿಸಿತು.

"ಹೌದ್ರಿ. ಅಂವಾ ಈಗ ನಡುನೀರಾಗ ಅದಾನ್ರಿ" ಎಂದಳು ಅವ್ವ. ಅವಳು ಸುಳ್ಳು ಹೇಳಿದಳೆಂದು ನಾನು ಎಲ್ಲಿಯೂ ಹೇಳುವುದಿಲ್ಲ.

ಹೀಗೆ ರವಿವಾರವೂ ಹೋಯಿತು. ದಿನಾ ಮುಂಜಾನೆ ಮರಿಯವ್ವ ರಾತ್ರಿ ಲಾರಿ ಬಂದಿತ್ತು ಎನ್ನುವುದು, ನಾನು ಓಡುವುದು, ಖಾಸಿಂಸಾಬನ ಕಾಲು ಕಾಣುವುದು. ಮಂಜವ್ವನ ಮಕ್ಕಳು ನನ್ನನ್ನು ನೋಡಿದಾಗೆಲ್ಲ "ಮಾವನ ಲಾರಿ ಗುರ್ರ್" ಎಂದು ನಗುತ್ತಿದ್ದವು. ಮಕ್ಕಳ ಮಾತು ಎಂದು ಬಿಟ್ಟೆ. ದ್ವೀಪದ ತೆಂಗಿನ ಗಿಡದ ಕೆಳಗೆ ಬಿಚ್ಚಬೇಕಾದ ಬುತ್ತಿಯನ್ನು ಮರಿಯವ್ವನ ಬೇವಿನ ಗಿಡದ ಕೆಳಗೆ ತಿಂದೆ. ರೊಟ್ಟಿ ಕಟಕಟ ಮುರಿಯುವಾಗ ನನಗೆ ಅಳು ಬಂತು, ನಿಜವಾಗಿ ಹೇಳುತ್ತೇನೆ.

ಸೋಮವಾರ ಇಳಿಹೊತ್ತಿಗೆ ಹಾರ್ನ್ ಕೇಳಿಸಿತು. ಖಾಸಿಂಸಾಬ ಲಾರಿಯನ್ನು ಓಣಿಯ ಬಾಯಿಗೆ ತಂದು ನಿಲ್ಲಿಸಿದ್ದ.

"ನಡೀರಿ ಅಣ್ಣಾರ, ಹತ್ರಿ!"

"ಎಲ್ಲಿ ಹತ್ಲೋ ಮಾರಾಯಾ? ನಾಳೆ ಮುಂಜಾನೆ ಗಿರಣಿ ಐತಿ" ಎಂದು ಹಣೆ ಬಡಿದುಕೊಂಡು, ಸಾವಕ್ಕನಿಗೆ ಗಂಟು ಎತ್ತು, ಮನೆಗೆ ಹೋಗೋಣ ಎಂದೆ. ಆಗ ಅವ್ವ ಎದ್ದು ನಿಂತಳು. ಗುರುವಾರದಿಂದ ಮೊದಲ ಸಲ ನನ್ನ ಜೊತೆ ನೇರವಾಗಿ ಮಾತಾಡಿದಳು.

"ಇಟ್ಟ ಪರಸ್ಥಾನ ತಿರುಗಿ ಒಳಗ ತರಾಂಗಿಲ್ಲ. ಗಂಟು ಹೋಗಬೇಕು."

"ಯಾರು ಒಯ್ಯಬೇಕವ್ವಾ?"

"ಸಾವಕ್ಕ ಒಯ್ತಾಳ. ಅಕಿಗೇನು ಗಿರಣಿ ಐತೇನ?"

"ಒಬ್ಬಾಕಿನ?"

"ಹೆಣಮಗಳನ್ನ ಒಬ್ಬಾಕಿನ ಹ್ಯಾಂಗ ಕಳಸೂದೋ ಮೂಳಾ? ನಾ ಹೋಗತೀನಿ. ನನ್ನ ಜೋಡಿಗೆ ಮರಿಯವ್ವ. ಮಂಜವ್ವಾ, ಸೀರಿ ಉಟಗೋ, ನೀನೂ ಬಾ."

"ಮತ್ತ ನಾ?"

"ನೀ ಗಿರಣಿಗೆ ಹೋಗು."

ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕೂ ಜನ ಮೆಣಸಿನಕಾಯಿ ಚೀಲ ಏರಿದರು. ಏರಿದ ತಕ್ಷಣ ಅವ್ವ ಸೀನಿದಳು. ಹೊರಡುವಾಗ ಸೀನು! ಅಪಶಕುನ, ಪ್ರಯಾಣ ನಿಂತಿತು ಎಂದು ನನಗೆ ಆಸೆ ಚಿಗುರಿತು. ಅವ್ವ ಒಂದು ಗಳಿಗೆ ವಿಚಾರ ಮಾಡಿ, ಬೇಕೆಂದೇ ಚೀಲಕ್ಕೆ ಮೂಗು ಹಚ್ಚಿ ಇನ್ನೊಮ್ಮೆ ಸೀನಿ, "ಜೋಡಿ ಸೀನು ಶುಭ. ನಡಿಯೋ ಖಾಸಿಂ" ಎಂದಳು. ಚಹಾ ಬಿಟ್ಟು ಕೂಡಿಸಿದ ದೋಣಿಯ ದುಡ್ಡನ್ನು ಸಾವಕ್ಕನ ಕೈಗೆ ಕೊಟ್ಟೆ. ಅವಳ ಕಣ್ಣಲ್ಲಿ ನೀರಿತ್ತು. ನನಗಾಗಿಯೋ ಮೆಣಸಿನಕಾಯಿಗಾಗಿಯೋ ತಿಳಿಯಲಿಲ್ಲ.

ನಾನು ಮನೆಗೆ ಹೋದೆನೆ? ಎಲ್ಲಿಯ ಮನೆ! ಅವ್ವ ಲಾರಿಯಿಂದಲೇ ತಮ್ಮಂದಿರಿಗೆ ಅಪ್ಪಣೆ ಮಾಡಿದ್ದಳು: ಗಂಟು ತಿರುಗಿ ಬರುವ ತನಕ ಹುಚ್ಯಾ ಹೊಸ್ತಿಲು ದಾಟಬಾರದು. ಗಿರಣಿಯಿಂದ ಬಂದು ಮರಿಯವ್ವನ ಕಟ್ಟೆಯ ಮೇಲೆ ಕೂರುತ್ತಿದ್ದೆ. ನಾದಿನಿಯರು ಓಣಿ ದಾಟಿ ತಾಟು ತಂದಿಟ್ಟು ಹೋಗುತ್ತಿದ್ದರು. ಪುಂಡಲೀಕಪ್ಪ ಹೊರಸಿನ ಮೇಲಿಂದ ನಮಸ್ಕಾರ ಮಾಡುತ್ತಿದ್ದ.

ವಾರ ಕಳೆಯುವುದರೊಳಗೆ ಲಾರಿ ತೆಂಗಿನಕಾಯಿ ತುಂಬಿಕೊಂಡು ಬಂತು. ನಾಲ್ವರೂ ಬಿಸಿಲಿಗೆ ಕಪ್ಪಾಗಿ, ನಗುನಗುತ್ತ ಇಳಿದರು. ಅವ್ವನ ಸುತ್ತ ಓಣಿಯೇ ನೆರೆಯಿತು.

"ಏನ್ ನೀರು, ಏನ್ ನೀರು! ಖರೆ ಒಂದು ಹನಿ ಬಾಯಾಗ ಇಡಾಕ ಬರಂಗಿಲ್ಲ, ಬರೇ ಉಪ್ಪು. ಅದಕ್ಕೂ ನಮ್ಮನಿ ಸೊಸ್ತೇರ ಉಪ್ಪು ಹಾಕ್ಯಾರೇನೋ ಅನಸ್ತು."

ನಾನು ಹಾಸಿಗೆ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಓಣಿ ದಾಟಿದೆ. ಅವ್ವ ಬಾಗಿಲಿಗೆ ಅಡ್ಡ ಕೈ ಹಿಡಿದಳು.

"ಎಲ್ಲಿ ಬಂದಿ?"

"ಗಂಟು ತಿರುಗಿ ಬಂತಲ್ಲವ್ವಾ!"

"ಗಂಟು ಹೋಗಿತ್ತು, ಬಂತು. ನೀ ಎಲ್ಲಿ ಹೋಗಿದ್ದಿ ತಿರುಗಿ ಬರಾಕ? ನಿನ್ನ ಪರಸ್ಥಾನ ಇನ್ನೂ ಹಾಂಗ ಐತಿ. ಒಳ್ಳೆ ದಿನ ನೋಡಿ ಹೇಳತೀನಿ, ನಡಿ."

ಮತ್ತೆ ಕಟ್ಟೆ. ಹೊತ್ತು ಮುಳುಗುವಾಗ ಸಾವಕ್ಕ ತಾಟು ಹಿಡಿದು ಬಂದಳು. ಓಣಿಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಅವ್ವನ ಸಮುದ್ರದ ಕಥೆ ಕೇಳಲು ನಮ್ಮ ಮನೆಯಲ್ಲಿದ್ದರು, ಮರಿಯವ್ವನೂ ಅಲ್ಲೇ. ಮಗ್ಗ ನಿಂತಿತ್ತು. ಒಂಬತ್ತು ವರ್ಷದಲ್ಲಿ ಮೊದಲ ಸಲ ನಾವಿಬ್ಬರೇ ಇದ್ದೆವು. ನಾಲ್ಕೇ ತುತ್ತಿಗೆ ತಾಟು ಖಾಲಿ ಮಾಡಿ ಕೆಳಗಿಟ್ಟೆ.

"ಸಾವಕ್ಕಾ, ಆ ಮಾತು ಈಗ ಹೇಳ."

ಅವಳು ಆಚೆ ಈಚೆ ನೋಡಿದಳು. ಹತ್ತಿರ ಸರಿದಳು. ತಲೆ ತಗ್ಗಿಸಿದಳು.

"ಸಿಟ್ಟಾಗಬಾರದ್ರಿ ಮತ್ತ."

"ಇಲ್ಲ."

"ನೀವು ಭಾಳ ಗೊರಕಿ ಹೊಡೀತೀರಿ. ಮಂದಿ ಮುಂದ ಹೇಳಿದ್ರ ನಿಮ್ಮ ಮಾನ ಹೋಗತೈತಿ ಅಂತ ಇಷ್ಟ ವರ್ಷ ಹಲ್ಲು ಕಚಗೊಂಡಿದ್ದೆ. ಆ ನಡುಗಡ್ಡ್ಯಾಗ ನೋಡ್ರಿ, ಲಗ್ನ ಆದಮ್ಯಾಲ ಮೊದಲನೇ ಸಲ ಕಣ್ತುಂಬ ನಿದ್ದಿ ಮಾಡಿದೆ."

ನಾನು ಬಾಯಿ ತೆರೆಯುವ ಮೊದಲೇ ಎದುರಿಗಿನ ನಮ್ಮ ಮನೆಯ ಕತ್ತಲೆ ಬಾಗಿಲಿನಿಂದ ಅವ್ವನ ದನಿ ಬಂತು.

"ಇಲ್ಲೆಲ್ಲಾರಿಗೂ ಇಷ್ಟ ದಿನ ಚಲೋ ನಿದ್ದಿ ಬಂತಂತವಾ. ಮರಿಯವ್ವಗ ಲಾರಿ ಬಂದಂಗ ಆಗತಿತ್ತಂತ, ಪಾಪ. ಹುಚ್ಯಾ, ಪರಸ್ಥಾನ ಮುರೀಬ್ಯಾಡಪಾ. ಇನ್ನೊಂದೀಟು ದಿನ ಅಲ್ಲೇ ಇರು."

ಮನೆ ತುಂಬ ನಗು. ಸಾವಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು, ಖಾಲಿ ತಾಟು ತೆಗೆದುಕೊಂಡು, "ನಿದ್ದಿ ಬರಾಕತ್ತೈತ್ರಿ, ಬರ್ಲಾ?" ಎಂದು ಓಣಿ ದಾಟಿದಳು. ಮರಿಯವ್ವ ಇವತ್ತು ಅಲ್ಲೇ ಮಲಗುತ್ತಾಳಂತೆ. ನಮ್ಮ ಮನೆಯ ಬಾಗಿಲು ಮುಚ್ಚಿ ಅಗಳಿ ಬಿದ್ದ ಸದ್ದಾಯಿತು.

ನಾನು ಕಟ್ಟೆಯ ಮೇಲೆ ಹಾಸಿಗೆ ಬಿಡಿಸಿ ಅಡ್ಡಾದೆ. ಖಾಸಿಂಸಾಬ ಹೇಳಿದ್ದು ಖರೆ. ಸುತ್ತ ಯಾರೂ ಇಲ್ಲ, ಒಂದು ನರಪಿಳ್ಳೆ ಇಲ್ಲ.